ಹತ್ತನೇ ಬೈಟು

ಜೂನ್ 3, ಬೆಳಿಗ್ಗೆ 10.40

ಮಾನ್ಯ ಸಭಾಸದರೇ, ಈ ದಿನಚರಿಯನ್ನು ಕದ್ದು ಓದುತ್ತಿರುವ ಸಮಸ್ತ ರಸಿಕರೇ! ಇಂದೂ ಅದೇ ಕುರ್ಚಿ, ಅದೇ ಆರಿದ ಕಾಫಿ, ಅದೇ ಶತ್ರು. ಶತ್ರು ಎಂದರೆ ಭಾವ — ಹೆಂಡತಿಯ ಅಣ್ಣ. ಅವನಿಗೆ ಬಹುವಚನ ನಿಲ್ಲಿಸಿ ಹದಿನೆಂಟು ವರ್ಷವಾಯಿತು. ಆಗ ಇದೇ ಆಫೀಸಿನಲ್ಲಿ ಒಂದು ವಿಡಿಯೋ ಗೇಮ್ ಮಾಡಿದ್ದೆವು. ಚಿತ್ರ ನನ್ನದು, ಕೋಡ್ ಅವನದು. ದೊಡ್ಡವರ ಮುಂದೆ ಡೆಮೋ... ನಾನು ಬರೆದ ಗೋಡೆಗಳೆಲ್ಲ ತಲೆಕೆಳಗು! ಕೋಡಿನ ತಪ್ಪು ಎಂದೆ. ವಾರದೊಳಗೆ ಬಾಸ್ ಅವನನ್ನು ಮನೆಗೆ ಕಳಿಸಿದರು.

ಈಗ ಆ ಗೇಮನ್ನು ಮತ್ತೆ ಹೊರತರಬೇಕಂತೆ. ಮೂಲ ಚಿತ್ರಗಳು ಹಾಳಾಗಿವೆ. ಉಳಿದಿರುವುದು ಟೆಕ್ಸ್‌ಚರ್ ಫೈಲುಗಳು ಮಾತ್ರ — ಗೋಡೆಗೆ, ನೆಲಕ್ಕೆ ಹೊದಿಸುವ ಚಿತ್ರಗಳನ್ನು ಅವನು ತನ್ನದೇ ಫಾರ್ಮ್ಯಾಟಿನಲ್ಲಿ ಕಟ್ಟಿಟ್ಟದ್ದು. ಫೈಲಿನೊಳಗಿನ ಯಾವ ಬೈಟಿಗೆ, ಅಂದರೆ ಯಾವ ಅಂಕಿಗೆ, ಏನರ್ಥವೋ ಅವನೊಬ್ಬನಿಗೇ ಗೊತ್ತು. 14ರೊಳಗೆ ತೆರೆಯದಿದ್ದರೆ ಗೇಮ್ ಕಸಕ್ಕೆ.

"ಅಣ್ಣಂಗೆ ಒಂದು ಫೋನ್ ಮಾಡಿದ್ರೆ ನಿಮ್ಮ ಮೂಗೇನು ಸವೆದುಹೋಗುತ್ತಾ?" — ಹೆಂಡತಿ.

ಸವೆಯುತ್ತದೆ.

ಜೂನ್ 4

ಮೊದಲ ನಾಲ್ಕು ಬೈಟು ಅವನ ಹೆಸರಿನ ಅಕ್ಷರಗಳು. ಜಂಬದ ಮೊಹರು. ಆಮೇಲೆ 00 01. ಒಂದು ಎಂದು ಓದಿದೆ. ಇಡೀ ಗೋಡೆ ಒಂದೇ ಚುಕ್ಕೆ ಅಗಲವೇ? ಮೂರು ಗಂಟೆ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು — ಹಿಂದಿನಿಂದ ಓದಬೇಕು. 01 00, ಕಂಪ್ಯೂಟರ್ ಲೆಕ್ಕದಲ್ಲಿ ಇನ್ನೂರೈವತ್ತಾರು! ಮನುಷ್ಯನೂ ಹಾಗೆಯೇ, ನೆಟ್ಟಗೆ ಒಂದೂ ಇಲ್ಲ.

ಐದಾರರಲ್ಲಿ ಅಗಲ, ಭಾವ ಹುಟ್ಟುಜಗಳ,
ಏಳೆಂಟರಲ್ಲಿ ಎತ್ತರ, ಕೇಳಿದರಿಲ್ಲ ಉತ್ತರ.

(ಕೇಳಿಲ್ಲ. ಪ್ರಾಸಕ್ಕೆ.)

ಜೂನ್ 7

ಒಂಬತ್ತನೆಯದು ಬಣ್ಣದ ಬಗೆ. ಗೋಡೆ ಬಂತು! ಬಂದದ್ದು ತಲೆಕೆಳಗಾಗಿ. ಬಾಸನ್ನು ಕರೆದು ತೋರಿಸಿದೆ: "ನೋಡಿ ಸಾರ್, ಸಾಕ್ಷಿ."

"ನಿಮ್ಮ ಭಾವ ಇಷ್ಟು ವರ್ಷ ಆದ್ಮೇಲೂ ಬೈಸ್ಕೋತಾನಲ್ರೀ! ರಿಪೋರ್ಟಲ್ಲೇ ಬರೆದ್ಬಿಡಿ."

ಬರೆಯುತ್ತೇನೆ. ದಪ್ಪ ಅಕ್ಷರದಲ್ಲಿ.

ಜೂನ್ 12, ಮಧ್ಯಾಹ್ನ

ಎಲ್ಲವೂ ತಲೆಕೆಳಗಲ್ಲ. ಆಗ ಜೊತೆಗಿದ್ದ ಇನ್ನೊಬ್ಬ ಕಲಾವಿದೆಯ ಮರ, ಬಂಡೆ ನೆಟ್ಟಗಿವೆ. ಅವಳ ಫೈಲುಗಳಲ್ಲಿ ಹತ್ತನೇ ಬೈಟು ಸೊನ್ನೆ. ನನ್ನ ನಲವತ್ತೊಂದು ಫೈಲುಗಳಲ್ಲೂ ಅದು ಒಂದು. ಒಂದಿದ್ದರೆ ಚಿತ್ರವನ್ನು ಮೇಲೆ ಕೆಳಗೆ ಮಾಡಿ ತೋರಿಸು ಎಂದರ್ಥ. ಫೈಲುಗಳ ತಾರೀಖು ನೋಡಿದೆ. ಅವನು ಇಲ್ಲಿದ್ದ ಕೊನೆಯ ದಿನ.

ಹೊರಟುಹೋಗು ಎನ್ನಿಸಿಕೊಂಡವನು ಕೂತು ನನ್ನ ಗೋಡೆಗಳನ್ನು ನೆಟ್ಟಗೆ ಮಾಡಿಟ್ಟು ಹೋಗಿದ್ದಾನೆ.

ಇದಕ್ಕೆ ಪ್ರಾಸ ಸಿಗುತ್ತಿಲ್ಲ.

ಜೂನ್ 13, ಸಂಜೆ

ನಾಳೆ ರಿಪೋರ್ಟ್. ಹೆಂಡತಿ ತಾನೇ ಅಣ್ಣನಿಗೆ ಫೋನ್ ಮಾಡಿದಳಂತೆ.

"ಏನಂದ?"

"ಏನೂ ಇಲ್ಲ. ಹತ್ತನೇ ಬೈಟು ನೋಡಿದ್ರಾ ಅಂತ ಕೇಳ್ದ, ಅಷ್ಟೇ. ಅದೇನ್ರೀ ಅದು?"

ಕೈ ತೊಳೆಯಲು ಎದ್ದೆ.

ಮಾನ್ಯ ಸಭಾಸದರೇ — ಸಾಕು. ಇಲ್ಲಿ ಯಾರೂ ಇಲ್ಲ. ಚಿತ್ರಗಳನ್ನು ಸೇವ್ ಮಾಡುವಾಗ ತಪ್ಪು ಸೆಟ್ಟಿಂಗ್ ಒತ್ತಿದ್ದು ನಾನು. ಡೆಮೋ ದಿನ ಬಾಸ್ ಕೂಗಾಡುತ್ತಿದ್ದಾಗಲೇ ಅದು ನನ್ನ ಸ್ಕ್ರೀನಿನ ಮೇಲೆ ಕಾಣುತ್ತಿತ್ತು. ಭಾವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರಿಗೂ ಕಾಣುತ್ತಿತ್ತು. ನಾನು ಸ್ಕ್ರೀನ್ ಆರಿಸಿ, ಅವರ ಕಡೆ ತಿರುಗಿ, ಬೆರಳು ತೋರಿಸಿ, ಕೋಡಿನ ತಪ್ಪು ಎಂದೆ.