ಬಡ್ಡಿಯಿಲ್ಲದ ತೋಟ

ಮುಆರ್, ಮಲೇಷ್ಯಾ,
೧೪ ಮಾರ್ಚ್ ೨೦೧೯

ಪ್ರೀತಿಯ ಮಗಳು ಹುಸ್ನಾಳಿಗೆ,

ಅಸ್ಸಲಾಮು ಅಲೈಕುಂ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬಲಗೈ ಮಣಿಕಟ್ಟು ಊದಿಕೊಂಡು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಈಗ ಪರವಾಗಿಲ್ಲ. ಪೂರ್ತಿ ಓದು, ಅರ್ಧಕ್ಕೆ ಬಿಟ್ಟು ಫೋನ್ ಮಾಡಬೇಡ.

ಹಜ್‌ಗೆಂದು ನಿನ್ನಪ್ಪ ಬಿಟ್ಟುಹೋದ ದುಡ್ಡನ್ನು ನಿಮ್ಮ ಬ್ಯಾಂಕಿನ ಸುಕೂಕ್ ಪತ್ರಕ್ಕೆ ಹಾಕಿಸಿದವಳು ನೀನು. "ಅಮ್ಮಾ, ಇದು ಸಾಲಪತ್ರ ಅಲ್ಲ. ಕ್ಲುವಾಂಗಿನ ತಾಳೆ ತೋಟದಲ್ಲಿ ನಿಂಗೂ ಒಂದು ಪಾಲು. ಬರೋದು ಬಾಡಿಗೆ, ಬಡ್ಡಿ ಅಲ್ಲ" ಅಂದಿದ್ದೆ. ಜೀವಮಾನವಿಡೀ ಬ್ಯಾಂಕಿನ ಬಡ್ಡಿ ಹರಾಮೆಂದು ಅದನ್ನು ಬೀದಿಯ ಪಾಯಖಾನೆ ಕಟ್ಟಲು ಕೊಟ್ಟವಳು ನಾನು, ಹಿರಿಹಿರಿ ಹಿಗ್ಗಿದೆ. ತೋಟದ ಒಡತಿ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ತೋಟವನ್ನು ನಾನೇ ನೋಡದಿದ್ದರೆ ಹೇಗೆ ಅಂತ, ನಿನಗೂ ಹೇಳದೆ, ಕರಿದ ಬಾಳೆಹಣ್ಣು ಕಟ್ಟಿಕೊಂಡು ಬಸ್ಸು ಹತ್ತಿದೆ.

ತಲುಪಿದಾಗ ಬೆಳಿಗ್ಗೆ ಹತ್ತು ಗಂಟೆ. ತೋಟದ ಅಂಚಿನಲ್ಲಿ ಹನ್ನೊಂದು ಮನೆ, ನಲವತ್ತು ವರ್ಷದಿಂದ ಇದ್ದವರು. ನಿಮ್ಮ ಕಾಗದಪತ್ರದಲ್ಲಿ ಖಾಲಿ ಜಾಗ ಅಂತಿದೆಯಲ್ಲ, ಅದೇ. ತೋಟದ ಕಂಪನಿಯ ಕಾವಲಿನವರು ಇಪ್ಪತ್ತು ಜನ ಅವರನ್ನು ಎಬ್ಬಿಸಲು ದೊಣ್ಣೆ ಹಿಡಿದು ಬಂದಿದ್ದರು. ಬುಲ್ಡೋಜರು ಮೊದಲ ಮನೆಯ ಅಡುಗೆಕೋಣೆಗೆ ನುಗ್ಗಿತು. ಒಲೆಯ ಮೇಲೆ ಅನ್ನ ಇನ್ನೂ ಬೇಯುತ್ತಿತ್ತು. ಎಸಾ ಎಂಬ ಮುದುಕಿ, ಎಪ್ಪತ್ತು ದಾಟಿದವಳು, ಬಾಗಿಲ ಕಂಬ ತಬ್ಬಿಕೊಂಡಳು. ಬೆರಳುಗಳ ಮೇಲೆ ಹೊಡೆದರು, ಬಿಡಲಿಲ್ಲ. ಮೊಣಕೈಗೆ ಹೊಡೆದರು. ಮೂಳೆ ಮುರಿದದ್ದು ನನಗೆ ಕೇಳಿಸಿತು.

ಅವಳ ಮಗ ಕುಡುಗೋಲು ಎತ್ತಿಕೊಂಡು ಓಡಿಬಂದ. ಒಬ್ಬ ಕಾವಲಿನವನ ಕೆನ್ನೆಯನ್ನು ಕಿವಿಯಿಂದ ಬಾಯಿಯವರೆಗೂ ಸೀಳಿದ. ಆಮೇಲೆ ಆರು ಜನ ಸೇರಿ ಅವನನ್ನು ಕೆಡವಿ, ಅಲುಗಾಡುವುದು ನಿಲ್ಲುವವರೆಗೂ ಬಡಿದರು. ಮೂರನೇ ದಿನ ಆಸ್ಪತ್ರೆಯಲ್ಲಿ ಸತ್ತನಂತೆ. ಜನ ಓಡುವ ಗದ್ದಲದಲ್ಲಿ ಬಿದ್ದು ನನ್ನ ಕೈ ಉಳುಕಿತು, ಅಷ್ಟೇ. ಥೂ, ನನ್ನ ಜನ್ಮಕ್ಕಿಷ್ಟು.

ಅದೇ ತೋಟದ ಮೇಲೆ ಇನ್ನೊಂದು ಸುಕೂಕ್ ಬರುತ್ತಿದೆ, ಮೊದಲಿನದಕ್ಕಿಂತ ಮೂರು ಪಟ್ಟು ದೊಡ್ಡದು, ನೀತಿಯ ಹೂಡಿಕೆ ಅಂತ ಲಂಡನ್ನಿನವರೂ ಮುಗಿಬಿದ್ದಿದ್ದಾರೆ, ಷರಿಯಾ ಪ್ರಕಾರ ಸರಿಯಿದೆಯೆಂದು ನೀನು ಸಹಿ ಹಾಕುವುದೊಂದೇ ಬಾಕಿ ಎಂದು ಬರೆದಿದ್ದೀಯ. ಹಾಕಬೇಡ ಮಗಳೇ. ಹೋಗಿ ಕಣ್ಣಾರೆ ನೋಡು. ಬಡ್ಡಿ ತಿನ್ನಲಿಲ್ಲ ಅಂದಮಾತ್ರಕ್ಕೆ ನಾವು ಪಾರಾದೆವೇ? ತೋಟ ನಮ್ಮದಾದರೆ ಆ ದೊಣ್ಣೆಯೂ ನಮ್ಮದೇ. ಕೆಲಸ ಹೋದರೆ ಹೋಗಲಿ, ಮನೆಗೆ ಬಾ. ನನ್ನ ಪಿಂಚಣಿ ಇಬ್ಬರಿಗೆ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹನು ನಿನ್ನ ಕೈಯನ್ನು ಶುದ್ಧವಾಗಿ ಇಡಲಿ.

ನಿನ್ನ ಅಮ್ಮ,
ಸಫೂರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ದೊಣ್ಣೆ ಎತ್ತುವ ಮೊದಲು ಕಾವಲಿನವರ ಮುಖಂಡನಿಗೆ ನಾನು ಸುಕೂಕಿನ ಕಾಗದ ತೋರಿಸಿದ್ದೆ, ಜಂಬದಿಂದ. ಅವನು ನಕ್ಕು, "ಹಂಗಾದ್ರೆ ನೀವೇ ಹೇಳಿ ಚಿಕ್ಕಮ್ಮ. ನಿಲ್ಲಿಸ್ಲಾ, ಮುಂದುವರಿಸ್ಲಾ?" ಅಂದ. ತಮಾಷೆಗೇ ಕೇಳಿದ್ದಿರಬಹುದು. ತೋಟ ನನ್ನದೆಂದದ್ದಕ್ಕೆ ಎಸಾ ಆಗಷ್ಟೇ ನನ್ನನ್ನು ಕಳ್ಳಿ ಎಂದು ಬೈದು ಮುಖಕ್ಕೆ ಉಗಿದಿದ್ದಳು. "ನಿಮ್ಮ ಕೆಲಸ ನೀವು ಮಾಡಿ" ಅಂದೆ.