ಹಿಂದಕ್ಕೆ ತಿರುಗುವ ಎಂಜಿನ್

ಫ್ರೆಸ್ನೊ, ಕ್ಯಾಲಿಫೋರ್ನಿಯ
ನವೆಂಬರ್ 10, 1958

ಪ್ರೀತಿಯ ಹೈಗ್,

ಗಾಯ ಒಣಗುತ್ತಿದೆಯೇ? ಇಲ್ಲದ ಪಾದದಲ್ಲೂ ತುರಿಕೆ ಬರುತ್ತದೆ ಎಂದು ನೀನು ನರ್ಸಿಗೆ ಹೇಳುತ್ತಿದ್ದುದು ನನಗೆ ಬಾಗಿಲಲ್ಲೇ ಕೇಳಿಸಿತ್ತು. ನಾನು ಒಳಗೆ ಬಂದ ಮೇಲೆ ನೀನು ಹವೆಯ ಬಗ್ಗೆ ಮಾತಾಡಿದೆ. ಈಗಲೂ ತುರಿಕೆ ಇದೆಯೇ? ನಿನ್ನಮ್ಮ ದ್ರಾಕ್ಷಿ ಎಲೆಯಲ್ಲಿ ಸುತ್ತಿ ಕಳಿಸಿದ ತಿಂಡಿಯನ್ನೆಲ್ಲ ಪಕ್ಕದ ಹಾಸಿಗೆಯವನಿಗೆ ಕೊಟ್ಟೆಯಂತೆ. ಅವರಿಗೆ ಹೇಳಿಲ್ಲ. ಇಲ್ಲಿ ಮಂಜು ಇಳಿದಿದೆ. ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ಶೆಡ್ ಕಾಣುವುದಿಲ್ಲ. ಕಾಣದಿದ್ದರೂ ಆ ಕಡೆಗೇ ನೋಡುತ್ತ ಕಾಫಿ ಕುಡಿಯುತ್ತೇನೆ.

ನಿನ್ನ ಪತ್ರ ಬಂತು. ಒಂದೇ ಸಾಲು: ರೇಸ್ ಕಾರಿನ ಎಂಜಿನ್‌ಗಳನ್ನು ಬೇರೆ ಮಾಡಿ ಮಾರಿಬಿಡು. ನೀನು ಮಾರಾಟದ ವಿಷಯ ಬರೆದು ತಿಳಿಸಿದ್ದ ದೋಣಿಯವನು ಶನಿವಾರ ಸ್ಟಾಕ್ಟನ್‌ನಿಂದ ಬಂದ. ಅವನ ದೋಣಿಗೆ ಎರಡು ಎಂಜಿನ್, ನೀರು ತಳ್ಳಲು ಎರಡು ಫ್ಯಾನು. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗಬೇಕಂತೆ. ಹಾಗಾಗಿ ಅವನಿಗೆ ಬೇಕಿರುವುದು ನಮ್ಮ ಎಡಗಡೆಯದು ಮಾತ್ರ. ನಾನು ಶೆಡ್ ತೆರೆದುಕೊಟ್ಟೆ.

ಹೋದ ವರ್ಷ ರೇಸುಗಳಲ್ಲಿ ನೈಟ್ರೊ ಎಂಬ ಜೋರಿನ ಇಂಧನವನ್ನು ನಿಷೇಧಿಸಿದಾಗ ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದರು. ನೀನೂ ನಿನ್ನ ರೇಸಿನ ಜೊತೆಗಾರ ಡೆಲ್ಬರ್ಟನೂ ಇದೇ ಶೆಡ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆದಿರಿ. ಬರೀ ಪೆಟ್ರೋಲಿನಲ್ಲೇ ಓಡಬೇಕೆಂದರೆ ಎಂಜಿನ್ ಎರಡಿರಲಿ, ಅಕ್ಕಪಕ್ಕ ಇಟ್ಟು ಚಕ್ರದ ಹಲ್ಲಿಗೆ ಹಲ್ಲು ಕಚ್ಚಿಸೋಣ ಎಂದಿರಿ. ಹಾಗೆ ಕಚ್ಚಿಸಿದ ಮೇಲೆ ಒಂದು ಉಲ್ಟಾ ತಿರುಗಲೇಬೇಕು. ಎಡಗಡೆಯದಕ್ಕೆ ಅದನ್ನು ಕಲಿಸುವುದರಲ್ಲಿ ನಿನ್ನ ಚಳಿಗಾಲವೆಲ್ಲ ಹೋಯಿತು. ನಿನ್ನಮ್ಮ ಬಂದು ನೋಡಿ, "ಈ ಮನೇಲಿ ಉಲ್ಟಾ ತಿರುಗೋದು ನನ್ನ ಸೊಸೆ ಒಬ್ಬಳೇ ಅಂದ್ಕೊಂಡಿದ್ದೆ" ಅಂದರು. ನೀನು ನಕ್ಕು ಕೆಳಗೆ ಬೀಳುವುದೊಂದು ಬಾಕಿ.

ದೋಣಿಯವನು ಸುತ್ತ ನಡೆದು, "ಇದ್ರಲ್ಲಿ ಉಲ್ಟಾ ಯಾವ್ದು?" ಎಂದು ಕೇಳಿದ. "ಹಿಂದ್ಗಡೆ ಎಣ್ಣೆ ಸೋರುತ್ತಲ್ಲ, ಅದೇ" ಎಂದ ಡೆಲ್ಬರ್ಟ್. ನಿನಗೆ ಗೊತ್ತಲ್ಲ, ಎಣ್ಣೆಯನ್ನು ಒಳಗೆ ತಳ್ಳಬೇಕಾದ ದಂಡದ ಗೀರುಗಳು ಅದು ಉಲ್ಟಾ ತಿರುಗುವುದರಿಂದ ಹೊರಗೆ ತಳ್ಳುತ್ತವೆ. ನಾನಿಟ್ಟ ಕಾಫಿ ಡಬ್ಬಿ ಇನ್ನೂ ಅದರ ಕೆಳಗೇ ಇದೆ. ನೀನು ಆಸ್ಪತ್ರೆ ಸೇರಿದಾಗಿನಿಂದ ಒಣಗಿತ್ತು.

ಡೆಲ್ಬರ್ಟ್ ಸ್ಪ್ಯಾನರ್ ತೆಗೆದುಕೊಂಡ. ಬೋಲ್ಟಿಗೆ ಹಚ್ಚಿದ. ಆಮೇಲೆ ಅದನ್ನು ಬಟ್ಟೆಯಲ್ಲಿ ಒರೆಸಿ ಗೋಡೆಯ ಮೊಳೆಗೆ ಸಿಕ್ಕಿಸಿ, "ನಂಗೆ ಬೆನ್ನು ನೋವು" ಎಂದ. ಅವನಿಗೆ ಬೆನ್ನು ನೋವಿಲ್ಲ. ನಾನು ದೋಣಿಯವನಿಗೆ ಮಾರುವುದಿಲ್ಲ ಎಂದೆ.

"ನೋಡಮ್ಮಾ, ನಿನ್ ಗಂಡನೇ ಮಾರ್ತೀನಿ ಅಂತ ಬರೆದಿದಾನಲ್ಲ?"

"ಬರೆದಾಗ ಅವನಿಗೆ ಜ್ವರ ಇತ್ತು."

ಅವನು ಬೈದುಕೊಂಡು ಹೋದ. ಇಷ್ಟು ದೂರದಿಂದ ಬಂದವನಿಗೆ ನಿನ್ನಮ್ಮನ ರೊಟ್ಟಿ ಕಟ್ಟಿಕೊಟ್ಟೆ. ಅದನ್ನು ಬೇಡ ಎನ್ನಲಿಲ್ಲ.

ನಿನಗೆ ಕೋಪ ಬರುತ್ತದೆ, ಬರಲಿ. ಮತ್ತೆ ಕಾರು ಓಡಿಸು ಎಂದು ನಾನು ನಿನಗೆ ಹೇಳುತ್ತಿಲ್ಲ. ಕ್ಲಚ್ ಒಡೆದು ಚೂರುಗಳು ನಿನ್ನ ಪಾದಕ್ಕೆ ಹೊಕ್ಕಾಗ ರೇಸ್ ಹಾದಿಯ ಬೇಲಿಯ ಬಳಿ ನಿಂತಿದ್ದವಳು ನಾನೇ. ಆದರೆ ಎರಡೂ ಎಂಜಿನ್ ಸದ್ದು ಮಾಡುವಾಗ ಯಾವ ಸದ್ದು ಯಾವುದರದ್ದು ಎಂದು ನನಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. ಒಂದನ್ನು ಕೊಟ್ಟ ಮೇಲೆ ಉಳಿದದ್ದು ಏನಾಗುತ್ತದೆ ಎಂದು ಯೋಚಿಸಿದೆ. ಅಷ್ಟೇ ಯೋಚಿಸಿದ್ದು.

ನಿನ್ನಮ್ಮ ಆಶೀರ್ವಾದ ತಿಳಿಸಿದ್ದಾರೆ. ಪಕ್ಕದ ಹಾಸಿಗೆಯವನಿಗೆ ನನ್ನ ನಮಸ್ಕಾರ ಹೇಳು. ಈ ಸಲ ಕಳಿಸಿದ್ದರಲ್ಲಿ ಅವನಿಗೆ ಅರ್ಧ ಮಾತ್ರ.

ನಿನ್ನ
ಅರಾಕ್ಸಿ

ಮರೆತೆ, ಅಂಚೆಯವನು ಬರುವ ಹೊತ್ತಾಯಿತು: ನಿನ್ನೆ ಕ್ಲಚ್ ಪೆಡಲ್ ತೆಗೆದುಬಿಟ್ಟೆ. ಎಡಗೈಗೆ ಸಿಗುವಂತೆ ಒಂದು ಲಿವರ್ ಕೂರಿಸಿದ್ದೇನೆ; ಯುದ್ಧದ ಕಾಲದಲ್ಲಿ ವಿಮಾನದ ಕಾರ್ಖಾನೆಯಲ್ಲಿ ಕಲಿತದ್ದು ಇನ್ನೂ ಕೈಯಲ್ಲಿದೆ. ರೇಸ್ ಶುರುವಿಗೆ ಬಾವುಟ ಎದ್ದಾಗ ಕ್ಲಚ್ ಬಿಡುವುದು ಒಂದೇ ಸಲ ತಾನೆ? ಅದಕ್ಕೆ ಪಾದವೇ ಬೇಕೆಂದೇನಿಲ್ಲ. ಮತ್ತೆ ಚೂರು ಹಾರದಂತೆ ಡೆಲ್ಬರ್ಟ್ ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ತಗಡು ಬಿಗಿದಿದ್ದಾನೆ. ಆಮೇಲೆ ಎರಡನ್ನೂ ಶುರು ಮಾಡಿ ನೋಡಿದೆವು. ಡಬ್ಬಿ ಮತ್ತೆ ಒದ್ದೆಯಾಗಿದೆ. ಲಿವರಿನ ಹಿಡಿ ನನ್ನ ಕೈ ಅಳತೆಗೆ ಮಾಡಿದ್ದು, ನಿನಗೆ ಸಣ್ಣದಾಗುತ್ತದೆ. ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಎಡಗೈಯನ್ನು ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸು. ಬೇರೇನೂ ಬರೆಯದಿದ್ದರೂ ಸರಿ.