ನನ್ನ ಅಳತೆಯ ಕೋವಿ

ಫೆಬ್ರವರಿ 10, ಶನಿವಾರ. ಸಂಜೆ

ಹೆಬ್ಬೆರಳಿಗೆ ಪಟ್ಟಿ. ಅದಕ್ಕೇ ಅಕ್ಷರ ಸೊಟ್ಟ. ಅಪ್ಪನ ಪಂಪ್ ಕೋವಿ ಕಚ್ಚಿತು. ಗುಂಡು ಹೊಡೆದಾದ ಮೇಲೆ ಸರಕ್ಕನೆ ಹಿಂದೆ ಬರುವ ಕಬ್ಬಿಣದ ತುಂಡು, ಅದರ ದಾರಿಗೆ ಅಡ್ಡ ನನ್ನ ಬೆರಳು. ಎಲ್ಲರೂ ನಕ್ಕರು. ಅಪ್ಪನ ಗೆಳೆಯ ಬಿಸ್ಕಿಟ್ ಅಂತೂ ತನ್ನ ಡೊಳ್ಳು ಹಿಡಿದುಕೊಂಡು ನಕ್ಕ.

"ರಕ್ತ ಬಂತಾ? ಹಾಗಾದ್ರೆ ನಮ್ಮೋಳಾದೆ ಬಿಡು!"

ಎರಡು ಪಿಸ್ತೂಲು, ಒಂದು ರೈಫಲ್ ಕೂಡಿಸಿದ್ದೇನೆ. ಶಾಟ್‌ಗನ್ ಒಂದು ಬಾಕಿ. ನಾಲ್ಕೂ ಇಲ್ಲದೆ ಈ ಕೌಬಾಯ್ ವೇಷದ ಗುರಿ ಹೊಡೆಯುವ ಆಟ ಇಲ್ಲ. ಇವತ್ತು ಅವರಿವರದ್ದು ಬೇಡಿ ಹೊಡೆದೆ. ಅಪ್ಪನ ಕಟ್ಟಪ್ಪಣೆ —

"ಎಲ್ಲರದ್ದೂ ಹೊಡೆದು ನೋಡ್ದೆ ಕೊಳ್ಬಾರ್ದು ಪುಟ್ಟಿ. ಹೆಗಲು ಏನನ್ನತ್ತೆ ಕೇಳು. ಕಣ್ಣಿನ ಮಾತು ಕೇಳ್ಬೇಡ."

ಇಷ್ಟು ಉದ್ದದ ಮಾತು ಅಪ್ಪನ ಬಾಯಲ್ಲಿ! ಮನೆಯಲ್ಲಾದರೆ "ಊಟ ಆಯ್ತಾ", "ಟೈರಿಗೆ ಗಾಳಿ ನೋಡ್ದಾ", ಮುಗಿಯಿತು. ಅಮ್ಮ ಹೋದ ಮೇಲೆ ಅದೂ ಕಡಿಮೆ. ತಿಂಗಳ ಎರಡನೇ ಶನಿವಾರ, ಬೆನ್ಸನ್ ಊರಿನಾಚೆಯ ಈ ಧೂಳಿನ ಮೈದಾನದಲ್ಲಿ, ತಲೆಗೆ ಹಳೇ ಹ್ಯಾಟು ಏರಿದ ಮೇಲೆ ಮಾತ್ರ ಅಪ್ಪನ ಬಾಯಿ ಬಿಚ್ಚುತ್ತದೆ. ಅದು ಗೊತ್ತಾದ ಮೇಲೆಯೇ ನಾನು ನಲವತ್ತೇಳನೇ ವಯಸ್ಸಿನಲ್ಲಿ ಬೂಟು ಹಾಕಿದ್ದು. ಗುರಿ ಹೊಡೆಯುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ.

ಫೆಬ್ರವರಿ 12, ಸೋಮ. ಬೆಳಗ್ಗೆ 5.20

ಶಾಲೆ ಬಸ್ಸಿನ ಎಂಜಿನ್ ಬಿಸಿಯಾಗಲಿ ಅಂತ ಕಾಯುತ್ತಿದ್ದೇನೆ. ನಿನ್ನೆ ಅಪ್ಪ ತಾನಾಗಿ ಫೋನ್ ಮಾಡಿದ. ಇಪ್ಪತ್ತು ನಿಮಿಷ! ಪಂಪ್ ಬೇಡ ಅಂತ ಅಪ್ಪನ ತೀರ್ಮಾನ. ಒಳಗೆ ತೋಟಾ ಉಳಿದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಜೋಡುನಳಿಗೆಯೇ ಸರಿ.

"ಮಡಿಚಿ ತೆರೆದ್ರೆ ಎರಡು ತೂತು. ತುಂಬಿದ್ಯಾ, ಖಾಲಿನಾ, ಕುರುಡನಿಗೂ ಗೊತ್ತಾಗುತ್ತೆ. ಒಳಗೊಂದು ಹೊರಗೊಂದು ಇಲ್ಲ ಅದಕ್ಕೆ."

ನಾನು "ಹ್ಞೂಂ, ಹ್ಞೂಂ" ಅನ್ನುತ್ತಲೇ ಇದ್ದೆ. ಇಡೀ ಜೀವಮಾನ ಕೋವಿ ಕೊಳ್ಳುತ್ತಲೇ ಇರಬಾರದೇ ಅನಿಸಿತು.

ಮಾರ್ಚ್ 9, ಶನಿ

ಬಿಸ್ಕಿಟ್‌ನ ಲಿವರ್ ಎಳೆದು ತೋಟಾ ಏರಿಸುವ ಶಾಟ್‌ಗನ್ ಹೊಡೆದೆ. ಎಮ್ಮೆ ತೂಕ. ಲಿವರಿನ ತುದಿಗೆ ನನ್ನ ಬೆರಳೇ ಎಟಕಲಿಲ್ಲ. "ಕೈ ಬೆಳೆಸ್ಕೊಂಡು ಬಾ, ಲೇಟ್ ಬೆಲ್," ಅಂದ. ಇಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಅಪ್ಪ 'ಡೀಕನ್'. ನನಗೆ 'ಲೇಟ್ ಬೆಲ್' ಅಂತ ಇಟ್ಟವನು ಅಪ್ಪನೇ. ಶಾಲೆ ಬಸ್ ಡ್ರೈವರ್, ಬದುಕಿನಲ್ಲಿ ಎಲ್ಲದಕ್ಕೂ ತಡ. ಬಿಸ್ಕಿಟ್‌ನ ನಿಜ ಹೆಸರು ಹದಿನಾಲ್ಕು ವರ್ಷದ ಗೆಳೆಯ ಅಪ್ಪನಿಗೂ ಗೊತ್ತಿಲ್ಲ.

ಮಧ್ಯಾಹ್ನ ಹೊಸಬರಿಗೆ ಟೈಮರ್ ಹಿಡಿದು ಹೊಡೆಯುವವರ ಸಮಯ ನೋಡಿಕೊಳ್ಳುವ ಪಾಠ. ಮೇಷ್ಟ್ರು ಅಪ್ಪನೇ. ಹೊಡೆಯುವವನ ಪಕ್ಕ, ಕೈಯಳತೆಯಲ್ಲಿ ನಿಲ್ಲಬೇಕು. ತುಂಬಿದ ಕೋವಿ ಜನರ ಕಡೆ ತಿರುಗಿತೋ, ಕೂಗಬೇಕು — ಸ್ಟಾಪ್! ಅಲ್ಲಿಗೆ ಅವನ ಆ ದಿನದ ಆಟ ಬಂದ್.

"ಸ್ನೇಹಿತ ಆದ್ರೆ?" ಅಂತ ಯಾರೋ ಕೇಳಿದರು.

"ಟೈಮರ್ ಹಿಡಿದೋರಿಗೆ ಸ್ನೇಹಿತನೂ ಇಲ್ಲ, ಹೆಂಡ್ತಿನೂ ಇಲ್ಲ, ಅಪ್ಪನೂ ಇಲ್ಲ."

ಅಂದು ನನ್ನ ಕಡೆ ನೋಡಿ ಕಣ್ಣು ಹೊಡೆದ.

ಮಾರ್ಚ್ 17, ಭಾನುವಾರ

ಆಯಿತು! ನಮ್ಮ ಜೊತೆ ಹೊಡೆಯುವ ಕ್ಯಾಕ್ಟಸ್ ಕೇಟ್‌ಳ ಹಳೇ ಜೋಡುನಳಿಗೆ. ಹದಿನೈದು ವರ್ಷ ತೆರೆದು ಮುಚ್ಚಿ ಪಳಗಿದ್ದು. ಹೆಬ್ಬೆರಳು ತಾಗಿಸಿದರೆ ಸಾಕು, ಬಾಯಿ ಬಿಡುತ್ತದೆ. ಕೇಟ್ ಕೊಡುವಾಗ ಅದರ ಬೆನ್ನು ತಟ್ಟಿದಳು. "ನನ್ ಎರಡು ಗಂಡಂದಿರಿಗಿಂತ ಚೆನ್ನಾಗಿ ಮಾತು ಕೇಳಿದೆ ಇದು," ಅಂದಳು.

ಹೆಗಲಿಗೆ ಒತ್ತುವ ಹಿಂದಿನ ಮರ ಮಾತ್ರ ನನಗೆ ಉದ್ದ. ಅಪ್ಪ ನಲವತ್ತು ವರ್ಷ ಬಡಗಿ, ಬೇರೆಯವರ ಕೈಗೆ ಕೊಡುತ್ತಾನೆಯೇ. ಶೆಡ್ಡಿಗೆ ಕರೆದ. ನನ್ನ ಮೊಳಕೈ ಮಡಿಸಿ, ಕೋವಿಯ ಬುಡ ಅದರೊಳಗೆ ಇಟ್ಟು, ತೋರುಬೆರಳು ಕುದುರೆಗೆ, ಅಂದರೆ ಟ್ರಿಗರಿಗೆ, ಎಲ್ಲಿ ಮುಟ್ಟುತ್ತದೆ ನೋಡಿದ. ಪೆನ್ಸಿಲ್ ಗೆರೆ ಎಳೆದ. ಒಂದೂವರೆ ಇಂಚು ಹೆಚ್ಚಿದೆ. ಅಷ್ಟು ಹೊತ್ತೂ ಮೊಳಕೈ ಹಿಡಿದೇ ಇದ್ದ. ಅಪ್ಪ ಹೀಗೆ ನನ್ನ ಕೈ ಹಿಡಿದದ್ದು... ಸೈಕಲ್ ಕಲಿಸಿದಾಗ ಇರಬೇಕು.

ಮಾರ್ಚ್ 24, ಭಾನುವಾರ

ಇನ್ನೂ ಕುಯ್ದಿಲ್ಲ. ಮತ್ತೆ ಅಳತೆ. "ಎರಡು ಸಲ ಅಳೆ, ಒಂದು ಸಲ ಕುಯ್ಯಿ." ಗೆರೆಯ ಮೇಲೆ ಗೆರೆ.

ಮಾರ್ಚ್ 31, ಈಸ್ಟರ್

ಹ್ಯಾಮ್ ತಿಂದೆವು. ಮತ್ತೆ ಶೆಡ್ಡು. ಮತ್ತೆ ಅಳತೆ, ಮೂರನೇ ಸಲ. "ನಿಂದು ಒಂದ್ಸಲನೂ ಅಳತೆ ತಗೊಂಡಿಲ್ವಲ್ಲ ಪುಟ್ಟಿ," ಅಂದ.

ನಾನು ತಮಾಷೆ ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಬೇಕು ಅಂದುಕೊಂಡೆನೋ. ಮೊಳಕೈ ಮಡಿಸಿ ಕೊಟ್ಟೆ.

ಏಪ್ರಿಲ್ 6, ಶನಿ

ಕುಯ್ದ. ನನ್ನೆದುರೇ. ಗರಗಸದ ಸದ್ದಿನಲ್ಲಿ ಒಂದು ಹಾಡು ಗುನುಗುತ್ತಿದ್ದ. ಹೆಗಲಿಗೆ ಇಟ್ಟು ನೋಡಿದೆ, ಹೇಳಿ ಮಾಡಿಸಿದ ಹಾಗಿತ್ತು. ಹೇಳಿ ಮಾಡಿಸಿದ್ದೇ ತಾನೆ! ಎಣ್ಣೆ ಹಚ್ಚುವುದು ಬಾಕಿ, ನಾಳೆ ಒಯ್ಯಿ ಅಂದ.

ಏಪ್ರಿಲ್ 7, ಭಾನುವಾರ

ಹೇಗೆ ಬರೆಯಲಿ.

ಬೆಂಚಿನ ಮೇಲೆ ಚೀಟಿ ಇತ್ತು. ಅಪ್ಪನ ಅಕ್ಷರ, ನನ್ನ ಹೆಸರು — "ಡಾರ್ಲಾ ಕೋವಿ. 1½ ಇಂಚು ಕುಯ್ಯಬೇಕು." ಮರೆಯದಿರಲಿ ಅಂತ ಬರೆದಿಟ್ಟುಕೊಂಡ ಚೀಟಿ. ಬೆಳಗ್ಗೆ ಎದ್ದ, ಓದಿದ, ಕುಯ್ದ.

ಎರಡನೇ ಸಲ.

ನಾನು ಹೋದಾಗ ನೆಲದ ಮೇಲಿನ ಎರಡು ತುಂಡು ಮರ ಕೈಯಲ್ಲಿ ಹಿಡಿದು ನಿಂತಿದ್ದ. ಒಂದನ್ನು ನೋಡುವುದು, ಇನ್ನೊಂದನ್ನು ನೋಡುವುದು.

"ಎರಡು ಯಾಕಿದೆ ಪುಟ್ಟಿ?"

ಅವನ ಮುಖ ನೋಡಲಾಗಲಿಲ್ಲ. "ನಾನೇ ಹೇಳಿದ್ನಲ್ಲಪ್ಪ," ಅಂದೆ. "ಇನ್ನೂ ಸ್ವಲ್ಪ ಗಿಡ್ಡ ಬೇಕು ಅಂತ. ನಿನ್ನೆ ಫೋನಲ್ಲಿ."

"ಓ. ಹೌದಲ್ವಾ." ನಂಬಿದ. ಎಷ್ಟು ನೆಮ್ಮದಿಯಿಂದ ನಂಬಿದ! ಮನೆಗೆ ಬರುವ ದಾರಿಯಲ್ಲಿ ಪಿಕಪ್ ನಿಲ್ಲಿಸಿ ಅತ್ತೆ. ತುಂಡೆರಡೂ ನನ್ನ ಕೈಚೀಲದಲ್ಲಿವೆ.

ಏಪ್ರಿಲ್ 13, ಶನಿ

ಮಕ್ಕಳ ಕೋವಿ ಹಿಡಿದಂತಾಯಿತು. ಪ್ರತಿ ಹೊಡೆತಕ್ಕೂ ನನ್ನದೇ ಹೆಬ್ಬೆರಳಿನಿಂದ ನನ್ನದೇ ಮೂಗಿಗೆ ಗುದ್ದು. ಗುರಿಯ ಹಲಗೆಗಳು ಬಿದ್ದವು, ಮೂಗೂ ಊದಿತು. ಬಿಸ್ಕಿಟ್ ಪಕ್ಕಕ್ಕೆ ಕರೆದ. "ಯಾರು ಹೀಗೆ ಮಾಡಿದ್ದು? ಹಿಂದೆ ಒಂದ್ ಮರದ ತುಂಡು ಅಂಟಿಸಿ ಎರಡು ಸ್ಕ್ರೂ ಹೊಡೆದ್ರೆ ಸರಿಹೋಗುತ್ತೆ. ಕೊಡು ಇಲ್ಲಿ."

ಕೊಡಲಿಲ್ಲ. ಅಂಟಿಸಿದರೆ ಅಪ್ಪ ನೋಡುತ್ತಾನೆ. ನೋಡಿದರೆ ತಿಳಿಯುತ್ತದೆ. "ನಂಗೆ ಹೀಗೇ ಇಷ್ಟ," ಅಂದೆ. ಬಿಸ್ಕಿಟ್ ಅಪ್ಪನ ಕಡೆ ನೋಡಿದ, ನನ್ನ ಕಡೆ ನೋಡಿದ, ಹ್ಯಾಟು ಸರಿ ಮಾಡಿಕೊಂಡು ಹೊರಟ.

ಜೂನ್ 8, ಶನಿ

ಎರಡು ತಿಂಗಳು ಏನೂ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನುವ ಹೆದರಿಕೆ. ಮಂಗಳವಾರ ಟೂಸಾನಿನ ಡಾಕ್ಟರು ಅಪ್ಪನ ಮರೆವಿನ ಕಾಯಿಲೆಗೆ ಹೆಸರಿಟ್ಟು ಹೇಳಿದರು. ಅಪ್ಪ ಬಾಗಿಲಲ್ಲೇ, "ಮೈದಾನದಲ್ಲಿ ಯಾರಿಗೂ ಹೇಳ್ಬೇಡ," ಅಂದ. ಒಪ್ಪಿದೆ.

ಇವತ್ತು ಅಪ್ಪ ಚೆನ್ನಾಗಿಯೇ ಹೊಡೆದ. ಕೈಗೆ ಎಲ್ಲ ನೆನಪಿದೆ. ತಲೆಗೆ ಮಾತ್ರ... ಕಾಫಿ ಕುಡಿಯುತ್ತಾ ಕೇಳಿದ, "ಯಾವ ಕೋವಿ ತಗೊಳೋದು ಅಂತ ಮನಸು ಮಾಡಿದ್ಯಾ ಪುಟ್ಟಿ?"

ನನ್ನ ಕೋವಿ ನನ್ನ ತೊಡೆಯ ಮೇಲೆಯೇ ಇತ್ತು.

"ಇನ್ನೂ ಇಲ್ಲಪ್ಪ," ಅಂದೆ. "ನೀನೇ ಹೇಳು." ಪಂಪು, ಲಿವರು, ಜೋಡುನಳಿಗೆ, ಎಲ್ಲವನ್ನೂ ಮೊದಲಿನಿಂದ ಹೇಳಿದ. ಅಷ್ಟೇ ಉತ್ಸಾಹ. ನಾನೂ "ಹ್ಞೂಂ, ಹ್ಞೂಂ."

ಅವನಿಗೆ ಆಟ ಬಿಡಿಸಬೇಕು. ಗೊತ್ತು. ಬಿಡಿಸಿದರೆ ಈ ಮಾತೂ ಹೋಗುತ್ತದೆ. ಇನ್ನೊಂದು ತಿಂಗಳು. ಒಂದೇ ಒಂದು ತಿಂಗಳು.

ಸೆಪ್ಟೆಂಬರ್ 14, ಶನಿ

ಒಂದು ತಿಂಗಳು ಅಂದವಳು ಮೂರು ತಿಂಗಳು ಸುಮ್ಮನಿದ್ದೆ. ನನ್ನ ತಪ್ಪು. ಬರೆದಿಡುತ್ತೇನೆ, ಪೂರ್ತಿ ನನ್ನದೇ.

ಟೈಮರ್ ನನ್ನ ಕೈಯಲ್ಲಿತ್ತು. ಅಪ್ಪ ಪಿಸ್ತೂಲು, ರೈಫಲ್ ಹೊಡೆದು ಮುಗಿಸಿದ. ಪಂಪಿಗೆ ಎರಡು ತೋಟಾ ತುಂಬಿದ. ಒಂದು ಹೊಡೆದ, ಹಲಗೆ ಬಿತ್ತು. ಇನ್ನೊಂದು ಒಳಗೆ ಬಂದು ಕೂತಿತು. ಆಮೇಲೆ ನಿಂತುಬಿಟ್ಟ. ಗುರಿಗಳನ್ನು ನೋಡಿದ. ಯಾವುದೋ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನ ಹಾಗೆ.

ಮತ್ತೆ ನನ್ನ ಕಡೆ ತಿರುಗಿದ. ಕೋವಿಯ ಸಮೇತ.

"ಪುಟ್ಟಿ, ಮುಂದೇನು?"

ನಳಿಗೆ ಕೇಟ್‌ಳ ಎದೆಯ ಮೇಲಿನಿಂದ ಹಾದು ನನ್ನ ಕಡೆ ಬಂತು. "ಸ್ಟಾಪ್!" ಅಂತ ಕೂಗಿದ್ದು ನಾನೇ. ನಳಿಗೆ ಹಿಡಿದು ಗುರಿಯ ಕಡೆಗೆ ನೂಕಿದ್ದೂ ನಾನೇ. ಬಿದ್ದ ಹಲಗೆ ಎಣಿಸಲು ನಿಂತವರಲ್ಲಿ ಒಬ್ಬ ನೆಲ ನೋಡಿದ, ಬಿಸ್ಕಿಟ್ ಆಕಾಶ ನೋಡಿದ. ಕೇಟ್, ನಳಿಗೆ ಯಾರ ಎದೆಗೆ ತಿರುಗಿತ್ತೋ ಅದೇ ಕೇಟ್, "ನಾನಂತೂ ಏನೂ ನೋಡ್ಲಿಲ್ಲ ಬೆಲ್," ಅಂದಳು. ಅವಳ ಮುಖ ಸುಣ್ಣದ ಹಾಗಿತ್ತು.

ನನಗೊಂದು ಬಾಗಿಲು ತೆರೆದು ಕೊಟ್ಟಿದ್ದರು. ಹೋಗಬಹುದಿತ್ತು.

"ನಾನು ನೋಡಿದೆ," ಅಂದೆ. "ತುಂಬಿದ ಕೋವಿ ಜನರ ಮೇಲೆ ತಿರುಗಿತು. ಡೀಕನ್‌ನ ಇವತ್ತಿನ ಆಟ ಮುಗೀತು."

ಅಪ್ಪ ತೋಟಾ ತೆಗೆದ. ಖಾಲಿ ಮಾಡುವ ಮೇಜಿನ ಹತ್ತಿರ ಬಂದು ಕೇಳಿದ —

"ಕೂಗಿದ್ದು ಯಾರು?"

"ನಾನಪ್ಪ."

ಖಾಲಿ ಕೋವಿ ಮೇಜಿನ ಮೇಲಿಟ್ಟ. "ಸರಿಯಾಗೇ ಕೂಗ್ದೆ," ಅಂದ. ಪಿಕಪ್‌ನಲ್ಲಿ ಮನೆಗೆ ಬಿಟ್ಟೆ. ಇಳಿಯುವಾಗ ಹ್ಯಾಟು ಸೀಟಿನ ಮೇಲೆಯೇ ಬಿಟ್ಟು ಹೋದ. ಮರೆತನೋ, ಬಿಟ್ಟನೋ ತಿಳಿಯಲಿಲ್ಲ.

ಸೆಪ್ಟೆಂಬರ್ 22

ಬಿಸ್ಕಿಟ್ ಬಂದು ಅಪ್ಪನ ಕೋವಿಗಳನ್ನು ತನ್ನ ಮನೆಗೆ ಒಯ್ದ. ನನ್ನದನ್ನೂ. ಅಪ್ಪ ಪಕ್ಕದಲ್ಲಿ ನಿಂತು ಬಾಗಿಲು ಹಿಡಿದುಕೊಂಡಿದ್ದ, ಸಾಮಾನು ಸಾಗಿಸುವವರಿಗೆ ಹಿಡಿಯುವ ಹಾಗೆ. ನಾನು ಸಾಮಾನು ಕಟ್ಟಿಕೊಂಡು ಅಪ್ಪನ ಮನೆಗೇ ಬಂದೆ.

ಅಕ್ಟೋಬರ್ 20

"ಶನಿವಾರ ಯಾವಾಗ?" ದಿನಕ್ಕೆ ಹತ್ತು ಸಲ. "ನನ್ ಪಂಪ್ ಎಲ್ಲಿ?" ಬಿಸ್ಕಿಟ್ ಹತ್ತಿರ ಇದೆ. "ಯಾಕೆ?" ಪ್ರತಿ ಸಲವೂ ಹೇಳುತ್ತೇನೆ. ಪ್ರತಿ ಸಲವೂ ಅವನಿಗೆ ಹೊಸ ಏಟು. ಹತ್ತು ಸಲ ಸ್ಟಾಪ್ ಅಂತ ಕೂಗಿದ ಹಾಗೆ. ಇವತ್ತಿನಿಂದ "ರಿಪೇರಿಗೆ ಹೋಗಿದೆ" ಅನ್ನುತ್ತಿದ್ದೇನೆ.

ನವೆಂಬರ್ 28

ಹಬ್ಬದ ಟರ್ಕಿ ಕೋಳಿ ಸೀದುಹೋಯಿತು. ಅಪ್ಪ ನನ್ನನ್ನು ಅಮ್ಮನ ಹೆಸರಿನಿಂದ ಕರೆದ. ಓಗೊಟ್ಟೆ.

ಡಿಸೆಂಬರ್ 14, ಶನಿ. ಮಧ್ಯಾಹ್ನ, ಮೈದಾನದಲ್ಲೇ, ಪಿಕಪ್‌ನಲ್ಲಿ ಕೂತು

ಕರೆದುಕೊಂಡು ಬಂದೆ. ಮಡಚುವ ಕುರ್ಚಿ, ಕಾಲಿಗೆ ಕಂಬಳಿ, ತಲೆಗೆ ಹ್ಯಾಟು. ಬಿಸ್ಕಿಟ್ ಪಕ್ಕದಲ್ಲೇ ಕೂತ. ಅವನು ತಂದುಕೊಟ್ಟ ನನ್ನ ಜೋಡುನಳಿಗೆ ಹೊಡೆದು ಮುಗಿಸಿ, ಖಾಲಿ ಮಾಡಿ, ಬಾಯಿ ತೆರೆದು ಹಿಡಿದು ಅವರ ಹತ್ತಿರ ಹೋದೆ. ಅಪ್ಪನ ಕಣ್ಣು ಕೋವಿಯ ಮೇಲೆಯೇ.

"ಸ್ವಲ್ಪ ತೋರಿಸ್ತೀರಾಮ್ಮ?"

ಕೊಟ್ಟೆ. ಮೊದಲು ಎರಡೂ ನಳಿಗೆಯೊಳಗೆ ಬೆರಳಿಟ್ಟು ಖಾಲಿ ಇದೆಯೇ ನೋಡಿದ. ಆಮೇಲೆ ಮರ ಸವರಿದ.

"ಯಾವ ದಡ್ಡ ಶಿಖಾಮಣಿ ಕುಯ್ದಿದ್ದು ಇದನ್ನ? ಇಷ್ಟು ಗಿಡ್ಡ!"

ಬಿಸ್ಕಿಟ್ ಎದ್ದು ಆಚೆ ಹೋದ.

"ನಂಗೊತ್ತಿಲ್ಲ," ಅಂದೆ.

"ಕೈ ಪಳಗಿದೋನೇ. ಕುಯ್ದಿರೋದು ನೋಡಿ, ಎಷ್ಟು ನೀಟು. ಪಾಪ, ಅಳತೆ ತಪ್ಪಿದಾನೆ." ಮತ್ತೆ ಸವರಿದ. "ಮಾರ್ತೀರಾ? ನನ್ ಮಗಳಿಗೆ ಒಂದು ಹುಡುಕ್ತಿದೀನಿ. ಮೊದಲ್ನೇ ಕೋವಿ. ಡಾರ್ಲಾ ಅಂತ. ಇಷ್ಟುದ್ದ ಇದಾಳೆ." ಕುರ್ಚಿಯ ಕೈಗಿಂತ ಒಂದು ಗೇಣು ಮೇಲೆ ಅಂಗೈ ಹಿಡಿದ. "ಅವಳಿಗೆ ಇದು ಹೇಳಿ ಮಾಡಿಸಿದ ಹಾಗೆ ಕೂರುತ್ತೆ."

"ತಗೊಳ್ಳಿ," ಅಂದೆ. "ಅವಳಿಗೇ ಇರ್ಲಿ."

"ಹಾಗೆಲ್ಲ ಆಗಲ್ಲ. ಅವಳು ಹೊಡೆದು ನೋಡ್ಲಿ ಮೊದ್ಲು. ಹೆಗಲು ಏನನ್ನತ್ತೋ ಕೇಳ್ಬೇಕು." ನನ್ನ ಕಡೆ ಕೈ ಚಾಚಿದ. "ಎಲ್ಲಿ, ನಿಮ್ ಮೊಳಕೈ ಮಡಚಿ. ಅಳೆಯೋದು ಹೇಗೆ ಅಂತ ತೋರಿಸ್ತೀನಿ."

ಮಂಡಿಯೂರಿ ಕೈ ಕೊಟ್ಟೆ. ಬುಡವನ್ನು ಮೊಳಕೈಯೊಳಗೆ ಇಟ್ಟ, ತೋರುಬೆರಳು ಕುದುರೆಯ ಹತ್ತಿರ ಚಾಚಿಸಿದ. ಮೂರು ಸಲ ಅಳೆದದ್ದೂ ಹೀಗೆಯೇ. ಪೆನ್ಸಿಲ್ ಕೇಳಿದ. ನಾನೀಗ ಬರೆಯುತ್ತಿರುವ ಇದೇ ಪೆನ್ಸಿಲ್. ಮರ ಮುಗಿದ ಮೇಲೆ, ಬರೀ ಗಾಳಿಯಲ್ಲಿ, ಒಂದೂವರೆ ಇಂಚು ಹಿಂದೆ ಅದರ ತುದಿ ಹಿಡಿದ.

"ನಿಮ್ಮ ಅಳತೆ ಇಲ್ಲೀತನಕ."

ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಮೊಳಕೈ ಮಾತ್ರ ಬಿಡಲಿಲ್ಲ. ಹಿಡಿದುಕೊಂಡೇ ನನ್ನ ಮುಖವನ್ನು ಹತ್ತಿರದಿಂದ ನೋಡಿದ. ಹ್ಯಾಟಿನ ಅಂಚು ನನ್ನ ಹಣೆಗೆ ತಾಗುತ್ತಿತ್ತು.

"ನೀವು ಯಾರ ಮಗಳಮ್ಮ?" ಅಂದ.

"ಒಬ್ಬ ಬಡಗಿಯ ಮಗಳು," ಅಂದೆ, ಮೊಳಕೈ ಅವನ ಕೈಯಲ್ಲೇ ಬಿಟ್ಟು.